ಬೆಲ್ಟ್ ಕಟ್ಟುವವನ ಮಾತು

ರೇಸಿನ ಗಾಡಿಯ ಬೆಲ್ಟ್ ಕಟ್ಟುವುದಕ್ಕೆ ಒಂದು ಕ್ರಮವಿದೆ. ಮೊದಲು ಸೊಂಟದ ಎರಡು ಪಟ್ಟಿ, ಆಮೇಲೆ ಕಾಲುಗಳ ನಡುವಿನಿಂದ ಬರುವ ಪಟ್ಟಿ, ಕೊನೆಗೆ ಎರಡು ಹೆಗಲಿನವು. ಹೆಗಲಿನದನ್ನು ಮೊದಲು ಬಿಗಿದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲಕ್ಕೆ ಏರಿಬಿಡುತ್ತದೆ. ಗಾಡಿ ಮಗುಚಿದರೆ ಕರುಳಿಗೇ ಕುತ್ತು. ಐದೂ ಪಟ್ಟಿಗಳು ಹೊಟ್ಟೆಯ ಹತ್ತಿರ ಒಂದೇ ಬಕಲಿಗೆ ಬಂದು ಕೂರಬೇಕು. ಇಷ್ಟನ್ನು ಮಾಡುವಾಗ ಕಟ್ಟುವವನ ಮುಖ ಕೂತವನ ಮುಖದಿಂದ ಒಂದು ಗೇಣು ದೂರದಲ್ಲಿರುತ್ತದೆ. ಅವನು ಬೆಳಿಗ್ಗೆ ಏನು ತಿಂದಿದ್ದಾನೆ ಎಂಬುದೂ ಗೊತ್ತಾಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಮಸ್ಕತ್ತಿನ ಬೌಷರ್ ಕಡೆಯ ಒಂದು ಗ್ಯಾರೇಜಿನಲ್ಲಿ ನಾನು ಕುಶನ್ ಕೆಲಸಕ್ಕಿದ್ದೆ. ಸೀಟು ಹೊಲಿಯುವುದು, ಬಾಗಿಲಿನ ರೆಗ್ಸಿನ್ ಬದಲಿಸುವುದು, ಬಿಸಿಲಿಗೆ ಒಡೆದ ಡ್ಯಾಶ್‌ಬೋರ್ಡಿಗೆ ಹೊದಿಕೆ ಹಾಕುವುದು. ವಾಸವಿದ್ದದ್ದು ಹತ್ತಿರದ ಅಲ್ ಗುಬ್ರಾದಲ್ಲಿ, ನಾಲ್ವರು ಹಂಚಿಕೊಂಡ ಒಂದು ಕೋಣೆಯಲ್ಲಿ. ನನ್ನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವ ಹಾಗಿರಲಿಲ್ಲ, ಹಾಗಾಗಿ ಹೆಂಡತಿ, ಮಗಳು ಉಡುಪಿ ಹತ್ತಿರದ ಊರಿನಲ್ಲೇ ಇದ್ದರು. ಶುಕ್ರವಾರ ರಜೆ. ಕೋಣೆಯ ಉಳಿದ ಮೂವರಿಗೂ ಅಕ್ಕನದೋ ಭಾವನದೋ ಮನೆ ಮಸ್ಕತ್ತಿನಲ್ಲೇ ಇತ್ತು. ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟುಬಿಡುತ್ತಿದ್ದರು. ನಾನು ಎಸಿಯ ಗುರುಗುರು ಕೇಳುತ್ತ ಬಿದ್ದಿರುತ್ತಿದ್ದೆ. ಬೇಸರ ಎಂದರೆ ಸಣ್ಣ ಮಾತಾಯಿತು. ಶುಕ್ರವಾರ ಬರುತ್ತದಲ್ಲ ಎಂದು ಬುಧವಾರದಿಂದಲೇ ನನಗೆ ಹೆದರಿಕೆ ಹುಟ್ಟುತ್ತಿತ್ತು.

ಆ ಹೆದರಿಕೆ ಬಿಡಿಸಿದ್ದು ಒಂದು ಗಾಡಿ. ಗ್ಯಾರೇಜಿನ ಹಿಂಭಾಗದ ಶೆಡ್ಡಿನಲ್ಲಿ ಶುಕ್ರವಾರ ಶುಕ್ರವಾರ ಏಳೆಂಟು ಜನ ಸೇರಿ ಅದನ್ನು ಕಟ್ಟುತ್ತಿದ್ದರು. ಅಮೆರಿಕದ ಹಳೆಯ ಪಿಕಪ್ ಒಂದರ ಮಾಡು ಕತ್ತರಿಸಿ ಗಿಡ್ಡ ಮಾಡಿ, ಬೇಡದ ತೂಕವನ್ನೆಲ್ಲ ಕಿತ್ತೆಸೆದು, ಗುಜರಿಯಿಂದ ತಂದ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ್ದರು. ಹಾಟ್ ರಾಡ್ ಎನ್ನುತ್ತಾರೆ ಇಂಥದ್ದಕ್ಕೆ. ತಿರುವುಗಳಿರುವ ರೇಸಿಗೆ ಇದು ಪ್ರಯೋಜನವಿಲ್ಲ. ಉಪ್ಪು ಹೆಪ್ಪುಗಟ್ಟಿದ ಸಪಾಟು ಬಯಲಿನಲ್ಲಿ ಮೂಗಿನ ನೇರಕ್ಕೆ ಓಡಿಸಿ, ನಡುವಿನ ಒಂದು ಕಿಲೋಮೀಟರ್ ದೂರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವುದು. ಅಷ್ಟೇ ಆಟ. ಬಹುಮಾನವಿಲ್ಲ, ಎದುರಾಳಿಯೂ ಇಲ್ಲ.

ಗಾಡಿಯ ಒಡೆಯರು ಒಬ್ಬ ಇಂಗ್ಲಿಷ್ ಇಂಜಿನಿಯರ್. ಯಾವುದೋ ಗುತ್ತಿಗೆ ಕಂಪನಿಯಲ್ಲಿ ಪಂಪುಗಳ ಉಸ್ತುವಾರಿ. ತಲೆ ನರೆತಿತ್ತು, ಮಾತು ಕಡಿಮೆ. ಗ್ಯಾರೇಜಿನ ಧಣಿ, ಎಂದರೆ ನನ್ನ ವೀಸಾಕ್ಕೆ ಹೊಣೆಯಾದ ಕಫೀಲ್, ಒಮಾನಿನವರು, ಶೆಡ್ಡು ಅವರದೇ. ಓಟದ ಹೊತ್ತು ಅಳೆಯುವ ಗಡಿಯಾರಗಳ ಜವಾಬ್ದಾರಿ ನಮ್ಮ ಮಂಗಳೂರಿನ ಒಬ್ಬರದು. ಕೊಂಕಣಿ ಮನೆಮಾತಿನ ಕ್ರೈಸ್ತರು, ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಅಕೌಂಟೆಂಟ್. ನನ್ನನ್ನು ಆ ಶೆಡ್ಡಿಗೆ ಕರೆದದ್ದೂ ಅವರೇ. ಬಿಸಿಲಿಗೆ ಹಾಳಾದ ಬೆಲ್ಟುಗಳ ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿದು ಕೊಡಬೇಕಿತ್ತು. ಹೊಲಿದುಕೊಟ್ಟೆ. ಮುಂದಿನ ಶುಕ್ರವಾರ ಕರೆಯದಿದ್ದರೂ ಹೋದೆ. ಆಮೇಲೆ ಬೆಲ್ಟ್, ಗಾಡಿಯ ಹಿಂದೆ ಬಿಚ್ಚಿಕೊಂಡು ವೇಗ ತಡೆಯುವ ಪ್ಯಾರಾಚೂಟ್, ಎರಡೂ ನನ್ನ ಪಾಲಿಗೆ ಬಂದವು. ಇಂಜಿನಿಯರ್ ನನ್ನನ್ನು 'ಟೈಲರ್' ಎನ್ನುತ್ತಿದ್ದರು, ಕಫೀಲ್ 'ಖಯ್ಯಾತ್' ಎನ್ನುತ್ತಿದ್ದರು. ಎರಡರ ಅರ್ಥವೂ ಒಂದೇ. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ.

ಆ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬೆಲ್ಟ್ ಕಟ್ಟಿದವನು ಹಿಂದೆ ಸರಿದು ಬಲಗೈ ಎತ್ತಿದರೆ ಗಾಡಿ ಹೊರಡಬಹುದು. ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದರೆ ಓಟ ರದ್ದು. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ, ಗಾಡಿ ಶೆಡ್ಡಿಗೆ ವಾಪಸ್ಸು ಬರುವ ತನಕ. ಹಿಂದೊಮ್ಮೆ ಜ್ವರವಿದ್ದವನೊಬ್ಬ ಅದನ್ನು ಮುಚ್ಚಿಟ್ಟು ಗಾಡಿ ಓಡಿಸಿ ಭುಜ ಮುರಿದುಕೊಂಡಿದ್ದನಂತೆ. ಆಗ ಇಂಜಿನಿಯರ್ ಮಾಡಿದ ನಿಯಮ ಇದು. "ಎಂಜಿನ್ ಕೆಟ್ಟರೆ ನಮಗೆಲ್ಲ ಕೇಳಿಸುತ್ತದೆ. ಕೂತವನು ಸರಿಯಿಲ್ಲದಿದ್ದರೆ ಬೆಲ್ಟ್ ಕಟ್ಟುವವನಿಗೆ ಮಾತ್ರ ಕಾಣುತ್ತದೆ. ಕಾರಣ ಕೊಡಬೇಕು ಅಂದರೆ ನೀನು ಹೆದರಿ ಕೈ ಎತ್ತಿಬಿಡುತ್ತೀಯ" ಎಂದು ನನಗೆ ಬಿಡಿಸಿ ಹೇಳಿದ್ದರು. ನಿಜವೇ. ಗ್ಯಾರೇಜಿನ ಕೂಲಿಯವನು ಸಾಹೇಬರುಗಳ ಮುಂದೆ ಕಾರಣ ಹೇಳುತ್ತ ನಿಲ್ಲುವುದುಂಟೇ? ನಾನು ಎಂದೂ ಕೈ ಅಡ್ಡ ಹಿಡಿದಿರಲಿಲ್ಲ.

ಆ ವರ್ಷ ಇಂಜಿನಿಯರ್‌ಗೆ ನಿವೃತ್ತಿ. ತಿಂಗಳು ಕಳೆದರೆ ದೇಶ ಬಿಟ್ಟು ಹೋಗುವವರು. ಗಾಡಿ ಗಂಟೆಗೆ ಇನ್ನೂರೆಂಬತ್ತು ಕಿಲೋಮೀಟರ್ ದಾಟಿರಲಿಲ್ಲ; ಮುನ್ನೂರು ನೋಡಬೇಕೆಂಬುದು ಅವರ ಒಂದೇ ಆಸೆ. ಎಂಜಿನ್ನಿನ ತಲೆಭಾಗವನ್ನು ಪೂರ್ತಿ ಬಿಚ್ಚಿ ಉಜ್ಜಿ ತಿದ್ದಿ ಕೂರಿಸಿದ್ದರು, ಈ ಸಲ ಆಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಆದರೆ ಬಯಲಿಗೆ ಹೋಗಲು ಅನುಮತಿ ಸಿಗಲಿಲ್ಲ. ಎರಡು ಸಲ ಕೇಳಿದರು, ಎರಡು ಸಲವೂ ಈಗ ಆಗುವುದಿಲ್ಲ ಎಂಬ ಉತ್ತರ.

ಅಷ್ಟರಲ್ಲಿ ಟಿವಿಯವರು ಬಂದರು. ಆಗ ಡಿಶ್ ಆಂಟೆನಾ ಬಂದ ಹೊಸತು. ಹಿಂದಿ ಚಾನೆಲ್ ಒಂದಕ್ಕೆ ಕೊಲ್ಲಿ ದೇಶಗಳ ಬಗ್ಗೆ ಕಾರ್ಯಕ್ರಮ ಮಾಡುತ್ತಿದ್ದ ತಂಡ ಅದು. ನಿರೂಪಕ, ಐತಿಹಾಸಿಕ ಧಾರಾವಾಹಿಯೊಂದರಲ್ಲಿ ಕುದುರೆ ಏರಿ ಕತ್ತಿ ಬೀಸಿ ಮನೆಮನೆಗೂ ಗೊತ್ತಾಗಿದ್ದ ನಟ. ಅವನು ನಮ್ಮ ಗಾಡಿ ಓಡಿಸಬೇಕು, ಅವರು ಚಿತ್ರೀಕರಿಸಬೇಕು. ಬಯಲಿನ ಅನುಮತಿ ಒಂದು ದಿನಕ್ಕೆ ಅವರ ಹೆಸರಿನಲ್ಲೇ ಆಗಿತ್ತು. ಮೊದಲು ನಟನ ಓಟ. ಅದಾದ ಮೇಲೆ ಉಳಿದ ಹೊತ್ತು ನಮ್ಮದು.

ಶೆಡ್ಡಿನಲ್ಲಿ ಇದರ ಮೇಲೆ ದೊಡ್ಡ ಗಲಾಟೆಯಾಯಿತು. ಸ್ಪಾನರ್ ಹಿಡಿದು ವರ್ಷಗಟ್ಟಲೆ ಮೈ ಕೈ ಮಸಿ ಮಾಡಿಕೊಂಡವರು ಅವರು, ಸಿಟ್ಟು ಬರುವುದು ಸಹಜ. "ನಾವು ಸೀಟಿಗಾಗಿ ಸರದಿ ಕಾಯುವುದು, ಮುಖಕ್ಕೆ ಪೌಡರ್ ಹಚ್ಚಿಕೊಂಡವನು ಬಂದು ಕೂರುವುದು. ನಾಳೆ ಜಗತ್ತಿಗೆ ಇದು ಅವನ ಗಾಡಿ" ಎಂದ ಒಬ್ಬ ವೆಲ್ಡರ್. ಟಿವಿಯಲ್ಲಿ ಬಂದರೆ ಟೈರ್ ಅಂಗಡಿಯವರಾದರೂ ನಮ್ಮನ್ನು ಕ್ಯಾರೇ ಅನ್ನುತ್ತಾರೆ ಎಂದ ಇನ್ನೊಬ್ಬ. ಕಫೀಲ್‌ಗೆ ಈ ವಾದವೇ ನಾಚಿಕೆಗೇಡು ಅನಿಸಿತು. "ಮನೆಗೆ ಬಂದವನು ಅವನು. ಮೊದಲ ಕಾಫಿ ಯಾರಿಗೆ ಕೊಡುತ್ತೀರಿ? ಬಂದವನಿಗೆ ತಾನೆ? ಖಲಾಸ್" ಎಂದರು.

ಗಡಿಯಾರದವರ ಕತೆ ಬೇರೆಯೇ. ಆ ಧಾರಾವಾಹಿ ಬರುವ ಹೊತ್ತಿಗೆ ಅವರ ಮನೆಯಲ್ಲಿ ಅನ್ನಕ್ಕೆ ಇಡುವವರಿರಲಿಲ್ಲ. "ನನ್ನ ಹೆಂಡತಿ ಅವನ ಸಹಿ ತರಲಿಕ್ಕೆ ಹೇಳಿದ್ದಾಳೆ ಮಾರಾಯ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಆದರೆ ಒಂದು ಮಾತು ಉಂಟು. ಇವನು ಗಾಡಿಯಲ್ಲಿ ಕೂತು ಉಚ್ಚೆ ಹೊಯ್ದುಕೊಳ್ಳದಿದ್ದರೆ ನನ್ನ ಹೆಸರು ಬದಲಿಸು."

ಎಲ್ಲರೂ ಇಂಜಿನಿಯರ್ ಕಡೆ ನೋಡಿದರು. ಅವರು ಕೈ ಒರೆಸಿಕೊಳ್ಳುತ್ತ, "ಅವನು ಓಡಿಸಲಿ. ಆಮೇಲೆ ನಾನು ಓಡಿಸುತ್ತೇನೆ. ನನಗೆ ಒಂದೇ ಓಟ ಸಾಕು" ಎಂದರು. ಮಾತು ಅಲ್ಲಿಗೆ ಮುಗಿಯಿತು.

ನಾನು ಆ ವಾರ ಐದೂ ಪಟ್ಟಿಗಳ ಹೊಲಿಗೆ ಬಿಚ್ಚಿ ಹೊಸ ನೈಲಾನ್ ನೂಲಿನಲ್ಲಿ ಹೊಲಿದೆ. ಪಟ್ಟಿಯ ತುದಿ ಮಡಚಿ, ಚೌಕವಾಗಿ ಹೊಲಿದು, ಚೌಕದ ಒಳಗೆ ಅಡ್ಡ ಕತ್ತರಿಯ ಹಾಗೆ ಇನ್ನೆರಡು ಗೆರೆ. ಇದಕ್ಕೆ ಭಾರದ ಮೆಷಿನ್ನೇ ಬೇಕು. ಕೈಯಲ್ಲಿ ಹೊಲಿದರೆ ಎಳೆತ ಒಂದೇ ಸಮ ಇರುವುದಿಲ್ಲ, ಅಂಥ ವೇಗಕ್ಕೆ ಅದನ್ನು ನಂಬಬಾರದು. ಮುಗಿದ ಮೇಲೆ ಪಟ್ಟಿಯನ್ನು ಶೆಡ್ಡಿನ ತೊಲೆಗೆ ಕಟ್ಟಿ ನಾನೇ ನೇತಾಡಿ ನೋಡಿದೆ. ಇಂಜಿನಿಯರ್ ನಕ್ಕರು. ಅವರು ನಗುವುದು ಅಪರೂಪ, ನನಗೆ ಹಬ್ಬದ ಊಟ ಉಂಡಷ್ಟು ಖುಷಿಯಾಯಿತು.

ಬಯಲು ಮಸ್ಕತ್ತಿನಿಂದ ದಕ್ಷಿಣಕ್ಕೆ ಒಂದು ದಿನದ ಹಾದಿ, ಸಮುದ್ರದ ಹತ್ತಿರ. ಸಬ್ಖಾ ಎನ್ನುತ್ತಾರೆ. ಮೇಲೆ ಬಿಳಿ ಉಪ್ಪಿನ ಹೆಪ್ಪು, ಕೆಳಗೆ ಕೆಸರು. ಬೆಳಗಿನ ಮಂಜಿಗೆ ಹೆಪ್ಪು ಒದ್ದೆಯಾಗಿರುತ್ತದೆ. ಬಿಸಿಲೇರಿದ ಮೇಲೆ ಗಟ್ಟಿಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ಅಡ್ಡಗಾಳಿ ಎದ್ದರೆ ಮುಗಿಯಿತು. ನಡುವೆ ಸಿಗುವ ಎರಡು ಮೂರು ಗಂಟೆಯಲ್ಲೇ ಎಲ್ಲ ಆಗಬೇಕು.

ಹಿಂದಿನ ಸಂಜೆ ದಾರಿ ನಡೆದು ನೋಡುವುದು ನನ್ನ ಕೆಲಸ. ಗಾಡಿ ಓಡುವ ಉದ್ದಕ್ಕೂ ನಡೆದು ಕಲ್ಲು, ಚಿಪ್ಪು ಹೆಕ್ಕಬೇಕು, ಒಂಟೆಯ ಹೆಜ್ಜೆ ಕಂಡಲ್ಲಿ ಬಾವುಟ ನೆಡಬೇಕು. ಉಳಿದವರು ಗಾಡಿಯ ಸುತ್ತ ಇರುತ್ತಿದ್ದರು, ಈ ನಡಿಗೆಗೆ ನನಗೆ ಎಂದೂ ಜೊತೆ ಇರುತ್ತಿರಲಿಲ್ಲ. ಆ ಬಿಳಿ ಬಯಲಿನಲ್ಲಿ ಒಬ್ಬನೇ ನಡೆಯುವಾಗ ಅಳು ಬರುವುದುಂಟು, ಸುಮ್ಮನೆ. ನೋಡುವವರಿಲ್ಲವಲ್ಲ, ಅತ್ತುಬಿಡುತ್ತಿದ್ದೆ.

ಆ ಸಂಜೆ ಹಿಂದಿನಿಂದ ಯಾರೋ ಬರುವ ಸದ್ದಾಯಿತು. ನಟ. ಕ್ಯಾಮೆರಾ ಇಲ್ಲ, ಜೊತೆಗೆ ಯಾರೂ ಇಲ್ಲ. "ನಾನೂ ಬರಬಹುದಾ ಭಾಯಿ?" ಎಂದು ಹಿಂದಿಯಲ್ಲಿ ಕೇಳಿದ. ತೆರೆಯ ಮೇಲೆ ಆನೆಯಂತೆ ಕಾಣುತ್ತಿದ್ದವನು ಎದುರಿಗೆ ನನ್ನಷ್ಟೇ ಎತ್ತರ. ಸ್ವಲ್ಪ ದೂರ ಇಬ್ಬರೂ ಕಲ್ಲು ಹೆಕ್ಕಿದೆವು.

"ನಿಮ್ಮ ಹೆಸರೇನು?" ಎಂದು ಕೇಳಿದ. ಹೇಳಿದೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದ. ಹೆಂಡತಿ, ಮಗಳು ಎಂದೆ.

"ಹೆಂಡತಿಯ ಹೆಸರು?"

"ವಾರಿಜ."

"ವಾರಿಜ" ಎಂದು ಅವನು ಒಮ್ಮೆ ಹೇಳಿಕೊಂಡ. ನಾಲಿಗೆಗೆ ಸರಿಯಾಗಿ ಬಂತೋ ಇಲ್ಲವೋ ಎಂದು ನನ್ನ ಮುಖ ನೋಡಿದ. ಒಮಾನಿಗೆ ಬಂದ ಮೇಲೆ ಬೇರೊಬ್ಬರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಶೆಡ್ಡಿನಲ್ಲಿ ನನ್ನನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಯಾರೂ ಇದನ್ನು ಕೇಳಿರಲಿಲ್ಲ.

ಅವನೂ ತನ್ನದನ್ನು ಹೇಳಿಕೊಂಡ. ಧಾರಾವಾಹಿಯಲ್ಲಿ ಮುಖ ತೋರಿಸುವಾಗ ಅವನು ಕೂತಿರುವುದು ಮರದ ಸ್ಟೂಲಿನ ಮೇಲಂತೆ. ಕುದುರೆ ಓಡಿಸುವವನು ಬೇರೆ. ಅದಕ್ಕೆ ಮೊದಲು ಮೂರು ವರ್ಷ ಕೆಲಸವಿರಲಿಲ್ಲ. "ಈಗ ಎಲ್ಲಿಗೆ ಹೋದರೂ ಜನ ನನ್ನ ಧೈರ್ಯ ನೋಡಬೇಕು ಅಂತಾರೆ. ಇಲ್ಲದ್ದನ್ನು ಎಲ್ಲಿಂದ ತರಲಿ?" ಎಂದು ನಕ್ಕ. ನಾನೂ ನಕ್ಕೆ. ತಮಾಷೆ ಎಂದೇ ಅಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಕೆಲಸ ಕೆಟ್ಟಿತ್ತು. ಟಿವಿಯವರ ಜೀಪು ಸೂರ್ಯೋದಯ ಹಿಡಿಯುವ ಅವಸರದಲ್ಲಿ ನಮ್ಮ ದಾರಿಗೆ ಅಡ್ಡಲಾಗಿ ಹೋಗಿಬಿಟ್ಟಿತ್ತು. ಒದ್ದೆ ಹೆಪ್ಪು ಒಡೆದು ಎರಡು ಗುಂಡಿಯ ಸಾಲು. ಆ ವೇಗದಲ್ಲಿ ಮುಂದಿನ ಚಕ್ರ ಅದಕ್ಕೆ ಬಿದ್ದರೆ ಗಾಡಿ ಲಾಗ ಹಾಕುತ್ತದೆ. ವೆಲ್ಡರ್ ಬಾಯಿಗೆ ಬಂದಂತೆ ಬೈದ. ಬೈದು ಏನು ಬಂತು? ಅಂಚಿನಿಂದ ಒಣ ಉಪ್ಪು ಕೆರೆದು ತಂದು, ಸಮುದ್ರದ ನೀರು ಚಿಮುಕಿಸಿ ಕಲಸಿ, ಗುಂಡಿಗೆ ತುಂಬಿ, ಹಲಗೆಯ ಮೇಲೆ ನಿಂತು ತುಳಿದೆವು. ನಟನೂ ಬಂದು ಹಲಗೆಯ ಮೇಲೆ ನಿಂತ. ಕ್ಯಾಮೆರಾದವನು ಓಡಿ ಬಂದಾಗ, "ಇದನ್ನು ತೆಗೆಯಬೇಡ" ಎಂದ. ಗಡಿಯಾರದವರು ನನ್ನ ಮುಖ ನೋಡಿ ಹುಬ್ಬು ಹಾರಿಸಿದರು. "ಜನ ಸಾಧಾರಣ ಇಲ್ಲ ಮಾರಾಯ, ಒಳ್ಳೆಯವನೇ" ಎಂದರು.

ಉಪ್ಪು ಒಣಗಿ ಗಟ್ಟಿಯಾಗುವಾಗ ಅಮೂಲ್ಯವಾದ ಒಂದು ಗಂಟೆ ಹೋಗಿತ್ತು. ಇಂಜಿನಿಯರ್ ಆಗಾಗ ಬಾವುಟಗಳ ಕಡೆ ನೋಡುತ್ತಿದ್ದರು. ಇನ್ನೂ ಜೋತುಬಿದ್ದೇ ಇದ್ದವು. ಗಾಳಿಯಿಲ್ಲ. ನಟನದ್ದು ಒಂದು ಓಟ, ಎಂಜಿನ್ ತಣಿಸಿ ಟೈರ್ ನೋಡಲು ಸ್ವಲ್ಪ ಹೊತ್ತು, ಆಮೇಲೆ ಅವರದ್ದು. ಸಾಕಷ್ಟು ಸಮಯವಿತ್ತು.

ನಟನನ್ನು ಕೂರಿಸಿದೆವು. ಬೆಂಕಿ ತಡೆಯುವ ದಪ್ಪ ಅಂಗಿ, ಹೆಲ್ಮೆಟ್. ಇಂಜಿನಿಯರ್ ಗೇರು, ಪ್ಯಾರಾಚೂಟಿನ ಹಿಡಿ ಎಲ್ಲವನ್ನೂ ಇನ್ನೊಮ್ಮೆ ತೋರಿಸಿದರು. ಅವನಿಗೆ ಹೇಳಿದ್ದ ವೇಗ ಅರ್ಧಕ್ಕರ್ಧ ಕಡಿಮೆ. ಆದರೂ ಅರ್ಧ ಎಂದರೆ ನಮ್ಮ ಊರಿನ ಎಕ್ಸ್‌ಪ್ರೆಸ್ ಬಸ್ಸಿನ ಎರಡರಷ್ಟು. ಅವನು ತಲೆಯಾಡಿಸುತ್ತ, ಕ್ಯಾಮೆರಾಕ್ಕೆ ಹೆಬ್ಬೆರಳು ತೋರಿಸುತ್ತ ಎಲ್ಲ ಸರಿಯಾಗಿಯೇ ಇದ್ದ. ಎಲ್ಲರೂ ಹಿಂದೆ ಸರಿದರು. ನಾನು ಬಗ್ಗಿದೆ.

ಸೊಂಟದ ಪಟ್ಟಿ ಎಳೆದೆ. ಅವನ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಕಾಲಿನ ನಡುವಿನ ಪಟ್ಟಿ ಎಳೆಯುವಾಗ ತೊಡೆಗಳು ನಡುಗುತ್ತಿದ್ದುದು ಕೈಗೆ ತಿಳಿಯಿತು. ಅದು ಎಲ್ಲರಿಗೂ ಇರುತ್ತದೆ, ಇಂಜಿನಿಯರ್‌ಗೂ ಇರುತ್ತಿತ್ತು. ಹೆಗಲಿನದನ್ನು ಬಿಗಿದು ಬಕಲಿಗೆ ತರುವಾಗ ಅವನು ನನ್ನ ಮಣಿಕಟ್ಟು ಹಿಡಿದ. ಹಿಡಿತ ಬಿಡಲಿಲ್ಲ.

"ಭಾಯಿ, ನನ್ನ ಕಾಲು ಎಲ್ಲಿವೆ ಅಂತಾನೇ ಗೊತ್ತಾಗ್ತಿಲ್ಲ" ಎಂದ, ತುಟಿ ಅಲ್ಲಾಡಿಸದೆ. "ಪೆಡಲ್ ಯಾವುದು ಅಂತ ಮರೆತುಹೋಗಿದೆ. ನಾನು ಸಾಯ್ತೇನೆ."

"ಇಳಿಯಿರಿ" ಎಂದೆ.

"ಹೇಗೆ ಇಳಿಯಲಿ? ಇಷ್ಟು ಜನ ನೋಡ್ತಾ ಇದ್ದಾರೆ. ನನ್ನ ಕತೆ ಮುಗಿಯುತ್ತೆ. ಇವರಿಗೆ ಹೇಳಬೇಡಿ. ಯಾರಿಗೂ ಹೇಳಬೇಡಿ. ವಾರಿಜಾರ ಆಣೆ."

ಆಣೆಗೆ ಅವಳನ್ನೇ ಎಳೆದು ತಂದನಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣ ಅವನ ಕಣ್ಣು ನೋಡಿದೆ. ನಾಟಕವಿರಲಿಲ್ಲ. ಅವನು ನಿಜವಾಗಿಯೂ ನೀರಿನಲ್ಲಿ ಮುಳುಗುವವನ ಹಾಗೆ ನೋಡುತ್ತಿದ್ದ. "ಹೇಳುವುದಿಲ್ಲ" ಎಂದೆ.

ಹಿಂದೆ ಸರಿದೆ. ಎಲ್ಲರ ಕಣ್ಣೂ ನನ್ನ ಕೈ ಮೇಲೆ. ಕೈ ಎತ್ತಿದರೆ ಅವನು ಹೊರಡುತ್ತಾನೆ, ಹೊರಡದೆ ಬೇರೆ ದಾರಿಯಿಲ್ಲ. ಅಡ್ಡ ಹಿಡಿದರೆ ಇಷ್ಟು ಜನರ ಎದುರು ನಾನು ಒಬ್ಬನೇ ನಿಲ್ಲಬೇಕು. ಬಹಳ ಹೊತ್ತು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಕೈಗಳು ತಾವಾಗಿಯೇ ಎದೆಯ ಮುಂದೆ ಬಂದು ಅಡ್ಡವಾದವು.

ನಮ್ಮವರಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ನಿಯಮ ನಿಯಮವೇ. ವೆಲ್ಡರ್ ಹೋಗಿ ಬ್ಯಾಟರಿಯ ಸ್ವಿಚ್ ಆರಿಸಿದ. ಆದರೆ ಟಿವಿಯ ನಿರ್ದೇಶಕನಿಗೆ ನಮ್ಮ ನಿಯಮ ಕಟ್ಟಿಕೊಂಡು ಆಗಬೇಕಾದ್ದೇನು? ಅವನು ಓಡಿ ಬಂದ, ಅವನ ಹಿಂದೆ ಕ್ಯಾಮೆರಾ ಬಂತು. "ಏನಾಯಿತು? ಯಾಕೆ ನಿಲ್ಲಿಸಿದೆ?"

ಎದೆಯ ಮುಂದಿನ ಕೈಗಳನ್ನು ನಾನು ಇಳಿಸಲಿಲ್ಲ.

"ಗಾಡಿಯಲ್ಲಿ ದೋಷವಿದೆಯಾ? ಇದ್ದರೆ ಹೇಳು. ಇಲ್ಲದಿದ್ದರೆ ಅವರು ಹೊರಡಲಿ. ಬಾಯಿ ಇಲ್ವಾ ನಿನಗೆ?"

ಗಡಿಯಾರದವರು ಹತ್ತಿರ ಬಂದು ಮೆಲ್ಲನೆ, "ಎಂತದಾದರೂ ಒಂದು ಹೇಳು ಮಾರಾಯ. ಹೊತ್ತು ಹೋಗ್ತಾ ಉಂಟು. ಮುದುಕರ ಓಟ ಬಾಕಿ ಉಂಟಲ್ಲ" ಎಂದರು. ನಾನು ತಲೆ ತಗ್ಗಿಸಿದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಗಾಡಿಗೆ ಏನೂ ಆಗಿಲ್ಲ, ಹೀರೋಗೆ ಚಳಿಯಾಗಿರಬೇಕು" ಎಂಬ ಮಾತೂ ಕೇಳಿಸಿತು. ಕ್ಯಾಮೆರಾ ನಿಧಾನವಾಗಿ ನನ್ನಿಂದ ಗಾಡಿಯ ಕಡೆಗೆ ತಿರುಗಿತು. ನಟ ಹೆಲ್ಮೆಟ್ಟಿನ ಒಳಗಿನಿಂದ ನೇರ ಮುಂದಕ್ಕೆ ನೋಡುತ್ತಿದ್ದ. ಅವನು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಆಡಲಿಲ್ಲ.

ಆಗ ಇಂಜಿನಿಯರ್ ಬಂದರು. ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಕಿಟಕಿಯಲ್ಲಿ ಬಗ್ಗಿದರು. ನಟನ ಕೈಗಳನ್ನು ನೋಡಿದರು. ನನ್ನ ಕಡೆ ತಿರುಗಲಿಲ್ಲ. ಹೆಗಲಿನ ಪಟ್ಟಿಯನ್ನು ಹಿಡಿದು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ತಲೆಯೆತ್ತಿ ಬಾವುಟಗಳನ್ನು ಒಮ್ಮೆ, ಬಯಲನ್ನು ಒಮ್ಮೆ ನೋಡಿದರು. ಆಮೇಲೆ ನೆಟ್ಟಗೆ ನಿಂತು ನಿರ್ದೇಶಕನಿಗೆ ಹೇಳಿದರು: "ಹೆಗಲಿನ ಪಟ್ಟಿಯ ಹೊಲಿಗೆ ಬಿಟ್ಟಿದೆ."

ಅದು ಅವರಿಗೂ ಗೊತ್ತಿದ್ದ ಸುಳ್ಳು, ನನಗೂ ಗೊತ್ತಿದ್ದ ಸುಳ್ಳು. ಅದರ ಹಿಂದೆ ಏನು ಬರುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು.

"ಬೇರೆ ಬೆಲ್ಟ್ ಇಲ್ಲವಾ?" ಎಂದ ನಿರ್ದೇಶಕ.

"ಇಲ್ಲ."

"ಇಲ್ಲಿಯೇ ಹೊಲಿಯಲು ಆಗುವುದಿಲ್ಲವಾ?"

"ಮೆಷಿನ್ ಬೌಷರಿನಲ್ಲಿದೆ. ಕೈಹೊಲಿಗೆ ನಂಬಲಾಗದು."

"ಹಾಗಾದರೆ ಇವತ್ತು ಈ ಗಾಡಿಯಲ್ಲಿ ಯಾರೂ ಕೂರಬಾರದು" ಎಂದ ನಿರ್ದೇಶಕ. ಅವನ ತಪ್ಪಲ್ಲ. ಅನುಮತಿ ಅವನ ಹೆಸರಿನಲ್ಲಿತ್ತು. "ಹಾಳಾದ ಬೆಲ್ಟಿನಲ್ಲಿ ಓಡಿಸಲು ನಾನು ಬಿಡುವುದಿಲ್ಲ. ನಿಮ್ಮನ್ನೂ ಬಿಡುವುದಿಲ್ಲ."

"ಸರಿ" ಎಂದರು ಇಂಜಿನಿಯರ್.

ಹೊಲಿಗೆ ಗಟ್ಟಿಯಿದೆ ಸರ್, ನೀವು ಓಡಿಸಿ ಎಂದು ಕೂಗಬೇಕೆನಿಸಿತು. ಕೂಗಿದರೆ, ಹಾಗಾದರೆ ನಿಲ್ಲಿಸಿದ್ದು ಯಾಕೆ ಎಂಬ ಪ್ರಶ್ನೆ ಮತ್ತೆ ಬರುತ್ತದೆ. ಉತ್ತರ ಸೀಟಿನಲ್ಲಿ ಕೂತಿತ್ತು. ಕೊಟ್ಟ ಮಾತು ಒಂದು ಕಡೆ, ಮುದುಕರ ಮುನ್ನೂರು ಇನ್ನೊಂದು ಕಡೆ. ಬಾಯಿ ತೆರೆದೆ. ಇಂಜಿನಿಯರ್ ನನ್ನ ಕಡೆ ನೋಡಿ ತಲೆಯನ್ನು ಅಡ್ಡಡ್ಡ ಆಡಿಸಿದರು, ಒಂದೇ ಒಂದು ಸಲ. ಬಾಯಿ ಮುಚ್ಚಿದೆ.

ನಟನನ್ನು ಇಳಿಸಿದರು. ಅವನು ಗಾಡಿಗೆ ಒರಗಿ ನಿಂತು ಬೆಲ್ಟ್ ಹಿಡಿದು ಕ್ಯಾಮೆರಾದ ಮುಂದೆ ಏನೇನೋ ಹೇಳಿದ. ಹೊರಡುವಾಗ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡ. ಬಾವುಟಗಳು ಆಗಲೂ ಜೋತುಬಿದ್ದೇ ಇದ್ದವು. ಗಾಳಿ ಆ ದಿನ ಏಳಲೇ ಇಲ್ಲ. ಅಂಥ ದಿನ ವರ್ಷಕ್ಕೊಂದು ಸಿಕ್ಕಿದರೆ ಹೆಚ್ಚು.

ಮರುದಿನ ಗಾಡಿಯನ್ನು ಶೆಡ್ಡಿಗೆ ತಂದಾಗ ಗಡಿಯಾರದವರು ಬಾಗಿಲಲ್ಲೇ ನಿಂತು ಕೇಳಿದರು. "ಈಗ ಶೆಡ್ಡಿಗೆ ಬಂದಾಯ್ತು. ಈಗ ಹೇಳು. ಹೊಲಿಗೆ ಹೌದಾ?"

ಇಂಜಿನಿಯರ್ ಪೈಪು ಹಿಡಿದು ಗಾಡಿಯ ಹೊಟ್ಟೆಯ ಉಪ್ಪು ತೊಳೆಯುತ್ತಿದ್ದರು. ಉಪ್ಪು ಉಳಿದರೆ ಕಬ್ಬಿಣ ತಿಂದುಹಾಕುತ್ತದೆ. ಅವರಿಗೆ ನಮ್ಮ ಭಾಷೆ ಬಾರದು, ಆದರೂ ನೀರು ನಿಲ್ಲಿಸಿದರು. ನಾನು ಬಗ್ಗಿ ಬೆಲ್ಟ್ ಮಡಚತೊಡಗಿದೆ.

"ಹಾಗಾದರೆ ಹೊಲಿಗೆಯೇ ಅಂತ ತಿಳಿದುಕೊಳ್ತೇನೆ" ಎಂದರು ಗಡಿಯಾರದವರು. "ಎಷ್ಟು ವರ್ಷ ಕಾದರು ಮಾರಾಯ ಅವರು. ಹೊಲಿಯುವಾಗ ಒಮ್ಮೆ ಸರಿಯಾಗಿ ನೋಡ್ಲಿಕ್ಕೆ ಆಗಲಿಲ್ವಾ ನಿಂಗೆ?"

ಸಿಟ್ಟಿನ ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೇಸರದಿಂದ ಹೇಳಿದರು. ಆ ವರ್ಷದ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ನನಗೆ ಕರೆ ಬರಲಿಲ್ಲ. ಅಲ್ಲಿಯವರೆ‌ಗೆ ಪ್ರತಿವರ್ಷ ಬರುತ್ತಿತ್ತು.

ಗಾಡಿಯನ್ನು ದುಬೈಯ ಯಾರಿಗೋ ಮಾರಿದರು. ಇಂಜಿನಿಯರ್ ಹೊರಡುವ ಮುನ್ನ ಗ್ಯಾರೇಜಿಗೆ ಬಂದು ಎಲ್ಲರ ಕೈ ಕುಲುಕಿದರು. ನನ್ನ ಸರದಿ ಬಂದಾಗ ಶೆಡ್ಡಿನಲ್ಲಿ ನಾವಿಬ್ಬರೇ. ಅವರು ಕೇಳಿದರೆ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೆ. ಆಣೆ ಮುರಿದರೂ ಸರಿ, ಇವರಿಗಾದರೂ ಹೇಳಬೇಕು. ಅವರು ಕೇಳಲಿಲ್ಲ. ಖಾಲಿ ಜಾಗ ನೋಡುತ್ತ, "ಮುನ್ನೂರು ನೋಡಬೇಕಿತ್ತು" ಎಂದರು. ದೂರಿನ ದನಿಯಲ್ಲ, ಊಟಕ್ಕೆ ಉಪ್ಪಿನಕಾಯಿ ಇರಬೇಕಿತ್ತು ಎನ್ನುವ ಹಾಗೆ. "ಹೌದು ಸರ್" ಎಂದೆ. ಅವರು ನನ್ನ ಹೆಗಲು ತಟ್ಟಿ ಹೋದರು. ಅವರಿಗೆ ಎಷ್ಟು ಗೊತ್ತಿತ್ತು, ಉಳಿಸಿದ್ದು ನನ್ನನ್ನೋ ಆ ನಟನನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಶುಕ್ರವಾರಗಳು ಮೊದಲಿನಂತಾದವು.

ಕಾರ್ಯಕ್ರಮ ಬಂದದ್ದು ಎರಡು ತಿಂಗಳ ನಂತರ, ಒಂದು ಶುಕ್ರವಾರ ಮಧ್ಯಾಹ್ನ. ಅದಕ್ಕೆಂದೇ ಕೋಣೆಯವರು ಯಾರೂ ಹೊರಗೆ ಹೋಗಿರಲಿಲ್ಲ. ನಟ ಹೆಲ್ಮೆಟ್ ಹಾಕಿಕೊಂಡದ್ದು, ಹೆಬ್ಬೆರಳು ತೋರಿಸಿದ್ದು, ಎಲ್ಲ ಬಂತು. ಕೈ ಅಡ್ಡ ಹಿಡಿದು ನಿಂತ ನಾನೂ ಬಂದೆ. ಕೊನೆಗೆ ನಟ, ಕ್ಷಮಿಸಿ, ಟೈಲರನ ಹೊಲಿಗೆ ಕೈಕೊಟ್ಟಿತು, ಇಲ್ಲದಿದ್ದರೆ ಗಾಳಿಯ ಜೊತೆ ಮಾತಾಡುತ್ತಿದ್ದೆ ಎಂದು ಹೇಳಿ ಪಟ್ಟಿಯನ್ನು ಮುಂದೆ ಹಿಡಿದ. ಕೋಣೆ ತುಂಬ ನಗು. "ಇವನ ಕೈಯಲ್ಲಿ ಲುಂಗಿ ಕೂಡ ಹೊಲಿಸಬಾರದು ಮಾರಾಯ್ರೆ" ಎಂದನೊಬ್ಬ. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ?

ಸಂಜೆ ಬೀದಿಯ ಕೊನೆಯ ಕಾರ್ಡ್ ಫೋನಿನಿಂದ ಊರಿಗೆ ಮಾಡಿದೆ. ಪಕ್ಕದ ಮನೆಗೆ ಮಾಡಿ ವಾರಿಜಳನ್ನು ಕರೆಸಬೇಕು. ಅವಳು ಬಂದಳು. ಆ ಮನೆಯವರಿಗೆ ಕೇಬಲ್ ಇತ್ತು. ಬೀದಿಯವರೆಲ್ಲ ಕೂತು ನೋಡಿದ್ದರಂತೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಗಳ ಶಾಲೆಯ ಬಗ್ಗೆ ಕೇಳಿದೆ, ಬಾವಿಯ ನೀರಿನ ಬಗ್ಗೆ ಕೇಳಿದೆ. ಅವಳು ಅದಕ್ಕೆಲ್ಲ ಉತ್ತರ ಹೇಳಲಿಲ್ಲ.

"ಆ ಪಟ್ಟಿಯನ್ನು ಹತ್ತಿರದಿಂದ ತೋರಿಸಿದರಲ್ಲ, ನಾನು ಸರಿಯಾಗಿ ನೋಡಿದೆ" ಎಂದಳು. ಅವಳೂ ಹೊಲಿಯುವವಳು, ಊರಿನ ಅರ್ಧ ಹೆಂಗಸರ ರವಿಕೆ ಅವಳದೇ. "ಒಂದು ನೂಲೂ ಎದ್ದಿರಲಿಲ್ಲ. ನಿಮ್ಮ ಹೊಲಿಗೆ ಬಿಟ್ಟಿಲ್ಲ. ಅವರು ಯಾಕೆ ಹಾಗೆ ಹೇಳಿದ್ದು? ನೀವು ಯಾಕೆ ಸುಮ್ಮನೆ ನಿಂತದ್ದು?"

ಫೋನ್ ಹಿಡಿದು ಗೋಡೆಯ ಕಡೆ ತಿರುಗಿ ಅತ್ತೆ. ಹಿಂದೆ ಸಾಲಿನಲ್ಲಿ ಮೂರು ನಾಲ್ಕು ಜನ ನಿಂತಿದ್ದರು. ಅವಳು, ಹಲೋ, ಹಲೋ ಎನ್ನುತ್ತಿದ್ದಳು.

"ಬಂದಾಗ ಹೇಳ್ತೇನೆ" ಎಂದೆ.

"ಸರಿ, ಬಂದಾಗ ಹೇಳಿ" ಎಂದಳು. ನನ್ನ ರಜೆಗೆ ಇನ್ನೂ ಒಂದು ವರ್ಷವಿತ್ತು.